ನೀರೊಳಗಿನ ನಾಟಿ: ಅಕ್ವೇರಿಯಂ ಗಿಡ ಬೇರು ಹಿಡಿಯುವ ಬಗೆ

ಮನೆಯಲ್ಲಿ ಮೀನು ಸಾಕಲು ಶುರುಮಾಡಿದವರಲ್ಲಿ ಹಲವರು ಕೆಲವು ತಿಂಗಳಲ್ಲೇ ಪ್ಲಾಸ್ಟಿಕ್ ಗಿಡಗಳನ್ನು ತೆಗೆದು ಜೀವಂತ ಗಿಡಗಳನ್ನು ನೆಡಬೇಕೆಂದು ಬಯಸುತ್ತಾರೆ. ಅಂಗಡಿಯಿಂದ ಒಂದೆರಡು ಕಟ್ಟು ಗಿಡ ತಂದು, ತೊಟ್ಟಿಯ ತಳದ ಜಲ್ಲಿಯೊಳಗೆ ಬೆರಳಿನಿಂದ ಒತ್ತಿ ನಿಲ್ಲಿಸುತ್ತಾರೆ. ಮರುದಿನ ನೋಡಿದರೆ ಅರ್ಧಕ್ಕರ್ಧ ಗಿಡಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಮತ್ತೆ ಒತ್ತಿದರೆ ಮತ್ತೆ ತೇಲುತ್ತವೆ. ಎರಡು ವಾರ ಕಳೆಯುವಷ್ಟರಲ್ಲಿ ತಳದಲ್ಲಿ ಉಳಿದ ಗಿಡಗಳ ಎಲೆಗಳೂ ಕರಗತೊಡಗುತ್ತವೆ. ನಮ್ಮ ನೀರು ಸರಿಯಿಲ್ಲ, ನಮ್ಮ ಕೈಗುಣ ಸರಿಯಿಲ್ಲ ಎಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ.

ಬಹುತೇಕ ಸಂದರ್ಭಗಳಲ್ಲಿ ನೀರಿನ ತಪ್ಪೂ ಇರುವುದಿಲ್ಲ, ಕೈಗುಣದ ತಪ್ಪೂ ಇರುವುದಿಲ್ಲ. ನೀರಿನಲ್ಲಿ ಬದುಕುವ ಗಿಡದ ದೇಹ ನೆಲದ ಗಿಡದ ದೇಹಕ್ಕಿಂತ ಬೇರೆ ರೀತಿ ಕಟ್ಟಿಕೊಂಡಿರುತ್ತದೆ. ಅದು ಏಕೆ ತೇಲುತ್ತದೆ, ಬೇರಿನಿಂದ ಏನು ಕೆಲಸ ಮಾಡಿಸಿಕೊಳ್ಳುತ್ತದೆ, ತಳದ ಮಣ್ಣಿನಲ್ಲಿ ಏನು ನಡೆಯುತ್ತದೆ ಎಂಬ ಮೂರು ವಿಷಯ ತಿಳಿದರೆ, ಯಾವ ಗಿಡವನ್ನು ಎಲ್ಲಿ ಹೇಗೆ ನೆಡಬೇಕು ಎಂಬುದನ್ನು ನಾವೇ ಊಹಿಸಬಹುದು.

ಗಿಡ ತೇಲುವುದೇಕೆ?

ನೆಲದ ಮೇಲಿನ ಗಿಡ ತನ್ನ ಭಾರವನ್ನು ತಾನೇ ಹೊರಬೇಕು. ಅದಕ್ಕಾಗಿ ಕಾಂಡದಲ್ಲಿ ಗಟ್ಟಿ ನಾರು, ಕಟ್ಟಿಗೆ ಬೆಳೆಸಿಕೊಳ್ಳುತ್ತದೆ. ನೀರೊಳಗಿನ ಗಿಡಕ್ಕೆ ಆ ಖರ್ಚು ಬೇಕಿಲ್ಲ. ಸುತ್ತಲಿನ ನೀರೇ ಅದನ್ನು ಎತ್ತಿ ಹಿಡಿದಿರುತ್ತದೆ. ಹೀಗಾಗಿ ಅದರ ಕಾಂಡ ಮೆತ್ತಗೆ, ಎಲೆ ತೆಳ್ಳಗೆ. ನೀರಿನಿಂದ ಹೊರಗೆತ್ತಿದ ಕೂಡಲೇ ಜೋತುಬೀಳುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಬದಲಾವಣೆ ಕಾಂಡದ ಒಳಗಿದೆ. ಜಲಸಸ್ಯದ ಕಾಂಡವನ್ನು ಅಡ್ಡಕ್ಕೆ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಉದ್ದಕ್ಕೂ ಹರಿದ ಸಣ್ಣ ಸಣ್ಣ ಕೊಳವೆಗಳು ಕಾಣುತ್ತವೆ. ಅವುಗಳ ತುಂಬ ಗಾಳಿ. ಸಸ್ಯಶಾಸ್ತ್ರಜ್ಞರು ಈ ಗಾಳಿತುಂಬಿದ ಅಂಗಾಂಶವನ್ನು ಏರೆಂಕೈಮ ಎನ್ನುತ್ತಾರೆ. ಎಲೆಯಲ್ಲಿ ಹುಟ್ಟಿದ ಆಮ್ಲಜನಕವನ್ನು ಬೇರಿನ ತುದಿಯವರೆಗೆ ಸಾಗಿಸುವ ದಾರಿ ಅದೇ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಹೈಡ್ರಿಲ್ಲಾ ಗಿಡವನ್ನು ಆಲಿಕೆಯ ಕೆಳಗಿಟ್ಟು, ಮೇಲೆ ನೀರುತುಂಬಿದ ಪ್ರನಾಳ ಬೋರಲಿಟ್ಟು, ಬಿಸಿಲಿಗಿಟ್ಟ ಪ್ರಯೋಗ ಅನೇಕರಿಗೆ ನೆನಪಿರಬಹುದು. ಗುಳ್ಳೆಗಳು ಹೆಚ್ಚಾಗಿ ಹೊರಡುವುದು ಕಾಂಡದ ಕತ್ತರಿಸಿದ ತುದಿಯಿಂದ. ಎಲೆಯಲ್ಲಿ ತಯಾರಾದ ಅನಿಲ ಒಳಗಿನ ಕೊಳವೆಯಲ್ಲಿ ಸಾಗಿ, ಬಾಯಿ ತೆರೆದ ಕಡೆ ಹೊರಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಈ ಗಾಳಿಯಿಂದಾಗಿ ಗಿಡ ನೀರಿಗಿಂತ ಹಗುರ. ಬೆಳಕು ಬಿದ್ದಷ್ಟೂ ಕೊಳವೆಗಳಲ್ಲಿ ಅನಿಲ ಹೆಚ್ಚಿ ತೇಲುವ ಬಲವೂ ಹೆಚ್ಚುತ್ತದೆ. ಬೇರಿಲ್ಲದ ಕುಡಿಯನ್ನು ಜಲ್ಲಿಗೆ ಒತ್ತಿದಾಗ ಅದನ್ನು ಹಿಡಿದಿರುವುದು ಸುತ್ತಲಿನ ಹರಳುಗಳ ಘರ್ಷಣೆ ಮಾತ್ರ. ದೀಪ ಉರಿದು ಗಿಡ ತನ್ನ ಕೆಲಸ ಶುರುಮಾಡಿದಾಗ ಆ ಹಿಡಿತ ಸಾಲದೆ ಹೋಗುತ್ತದೆ. ಮೀನೊಂದು ಬಾಲ ಬಡಿದರೂ ಸಾಕು, ಕುಡಿ ಕಳಚಿಕೊಂಡು ಮೇಲೇರುತ್ತದೆ. ತೇಲುವುದು ಗಿಡದ ಆರೋಗ್ಯದ ಲಕ್ಷಣವೇ ಹೊರತು ರೋಗದ್ದಲ್ಲ. ಬೇರು ಬಂದು ಹಿಡಿತ ಸಿಗುವವರೆಗೆ ಅದನ್ನು ಕೆಳಗೆ ನಿಲ್ಲಿಸಿಕೊಳ್ಳುವುದಷ್ಟೇ ನಮ್ಮ ಮುಂದಿರುವ ಕೆಲಸ.

1850ರ ಒಂದು ಕಲ್ಲು

ಈ ಕೆಲಸ ಅಕ್ವೇರಿಯಂನಷ್ಟೇ ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದೆ ಒಂದು ಪ್ರಯೋಗದ ವಿವರ ಇಟ್ಟ. ದೊಡ್ಡ ಗಾಜಿನ ಪಾತ್ರೆಯಲ್ಲಿ ನೀರು, ತಳದಲ್ಲಿ ಮರಳು, ಕೆಸರು ಮತ್ತು ಕಲ್ಲುಗಳು, ಎರಡು ಸಣ್ಣ ಗೋಲ್ಡ್‌ಫಿಶ್, ಜೊತೆಗೆ ವ್ಯಾಲಿಸ್ನೇರಿಯ ಎಂಬ ರಿಬ್ಬನ್ನಿನಂಥ ಎಲೆಯ ಒಂದು ಗಿಡ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಬಳಸಿಕೊಂಡು, ಗಿಡ ಬಿಟ್ಟ ಆಮ್ಲಜನಕದಿಂದ ಮೀನು ಉಸಿರಾಡಬಲ್ಲದೇ ಎಂಬುದು ಆತನ ಪ್ರಶ್ನೆ. ಗಿಡದ ಬೇರನ್ನು ಕೆಸರು ಮರಳಿನೊಳಗೆ ಸೇರಿಸಿ, ಅದು ಕದಲದಂತೆ ಮೇಲೊಂದು ಕಲ್ಲನ್ನಿಟ್ಟ.

ಸ್ವಲ್ಪ ಕಾಲ ಎಲ್ಲವೂ ಸರಿಯಿತ್ತು. ಆಮೇಲೆ ವ್ಯಾಲಿಸ್ನೇರಿಯದ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆತ ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಯಾಗಿಸಿದವು. ಮುಂದೆ 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು. ಮೀನು, ಗಿಡ ಮತ್ತು ನೀರಿನ ಸಮತೋಲನ ಎಂದು ಇಂದಿಗೂ ಹವ್ಯಾಸಿಗಳು ಹೇಳುವ ಮಾತಿನ ಹಿಂದೆ ವಾರಿಂಗ್ಟನ್ನನ ಈ ಪಾತ್ರೆ ಇದೆ.

ನಮ್ಮ ಪ್ರಶ್ನೆಗೆ ಉಪಯುಕ್ತವಾದದ್ದು ಆ ಕಲ್ಲು. ಅದು ಗಿಡಕ್ಕೆ ಪೋಷಣೆ ಕೊಡಲಿಲ್ಲ. ಹೊಸ ಬೇರುಗಳು ಕೆಸರಿನಲ್ಲಿ ಹರಡಿಕೊಳ್ಳುವವರೆಗೆ ಗಿಡವನ್ನು ಹಿಡಿದಿಟ್ಟಿತು. ಇಂದು ಬಳಸುವ ದಾರ, ಅಂಟು, ಲೋಹದ ಪಟ್ಟಿ, ಪುಟ್ಟ ಕುಂಡ ಎಲ್ಲವೂ ಮಾಡುವುದು ಅದೇ ತಾತ್ಕಾಲಿಕ ಕೆಲಸ. ಕಾಯಂ ಹಿಡಿತವನ್ನು ಗಿಡವೇ ಬೆಳೆಸಿಕೊಳ್ಳಬೇಕು.

ಬೇರಿನ ಎರಡು ಕೆಲಸ

ನೆಲದ ಗಿಡದ ಬೇರಿಗೆ ನೀರು ಹೀರುವುದು, ಪೋಷಕಾಂಶ ಹೀರುವುದು, ಗಿಡವನ್ನು ನಿಲ್ಲಿಸುವುದು ಎಂಬ ಮೂರು ಕೆಲಸ. ಮುಳುಗಿದ ಗಿಡಕ್ಕೆ ಮೊದಲನೆಯದು ಹೆಚ್ಚುಕಡಿಮೆ ಬೇಕಿಲ್ಲ. ಎರಡನೆಯದರಲ್ಲಿ ಎಲೆಯೂ ಪಾಲು ಪಡೆಯುತ್ತದೆ. ಜಲಸಸ್ಯದ ಎಲೆಯ ಮೇಲೆ ಮೇಣದ ಲೇಪ ಬಹಳ ತೆಳು. ನೀರಿನಲ್ಲಿ ಕರಗಿದ ಅಮೋನಿಯ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದವನ್ನು ಎಲೆ ನೇರವಾಗಿ ಹೀರಬಲ್ಲದು. ಕಬ್ಬಿಣ, ರಂಜಕದಂಥವು ತಿಳಿನೀರಿನಲ್ಲಿ ಕಡಿಮೆ, ತಳದ ಮಣ್ಣಿನಲ್ಲಿ ಹೆಚ್ಚು. ಅವುಗಳಿಗಾಗಿ ಅನೇಕ ಗಿಡಗಳು ಬೇರನ್ನೇ ನೆಚ್ಚುತ್ತವೆ.

ಎಲೆ ಮತ್ತು ಬೇರಿನ ನಡುವೆ ಈ ಹೊಣೆ ಎಲ್ಲ ಗಿಡಗಳಲ್ಲೂ ಒಂದೇ ರೀತಿ ಹಂಚಿಕೆಯಾಗಿಲ್ಲ. ಶ್ರೀಲಂಕಾ ಮೂಲದ ಕ್ರಿಪ್ಟೊಕೊರೈನ್ ವೆಂಡ್ಟಿಯಾಗಲಿ, ದಕ್ಷಿಣ ಅಮೆರಿಕದ ‘ಅಮೆಜಾನ್ ಸ್ವೋರ್ಡ್’ ಆಗಲಿ ದಟ್ಟ ಬೇರಿನ ಗೊಂಚಲು ಬಿಟ್ಟು ಮಣ್ಣಿನಿಂದಲೇ ಉಣ್ಣುತ್ತವೆ. ಹೈಡ್ರಿಲ್ಲಾ, ಕಬೊಂಬದಂಥವು ಎಲೆಯಿಂದಲೂ ಚೆನ್ನಾಗಿ ಹೀರುತ್ತವೆ. ಬೇರಿಲ್ಲದೆ ತೇಲುತ್ತಿದ್ದರೂ ಬೆಳೆಯುತ್ತವೆ. ಪಶ್ಚಿಮ ಆಫ್ರಿಕದ ಹೊಳೆಗಳಲ್ಲಿ ಕಲ್ಲು, ಕೊರಡುಗಳ ಮೇಲೆ ಬೆಳೆಯುವ ಅನೂಬಿಯಸ್ ಮತ್ತು ಏಷ್ಯಾದ ಜಾವಾ ಫರ್ನ್‌ಗಳಿಗೆ ಬೇರು ಮುಖ್ಯವಾಗಿ ಅಪ್ಪಿ ಹಿಡಿಯುವ ಅಂಗ. ಪಾಚಿಗಿಡ, ಅಂದರೆ ಮಾಸ್‌ಗೆ ನಿಜವಾದ ಬೇರೇ ಇಲ್ಲ. ಒಂದು ಗಿಡ ಯಾವ ಗುಂಪಿನದು ಎಂದು ತಿಳಿದ ಮೇಲೆ ನೆಡುವ ವಿಧಾನದ ಬಗ್ಗೆ ಅರ್ಧ ಉತ್ತರ ಸಿಕ್ಕಂತೆಯೇ.

ತಳದ ಮಣ್ಣಿನಲ್ಲಿ ನಡೆಯುವುದು

ಉಳಿದರ್ಧ ಉತ್ತರ ಇರುವುದು ತಳದಲ್ಲಿ. ಅಂಗಡಿಯಲ್ಲಿ ಸಿಗುವ ಬಣ್ಣದ ದೊಡ್ಡ ಕಲ್ಲುಗಳು ಗಿಡಕ್ಕೆ ಒಗ್ಗುವುದಿಲ್ಲ. ಕಲ್ಲುಗಳ ನಡುವಿನ ಸಂದು ದೊಡ್ಡದಾದ್ದರಿಂದ ಕಾಂಡವನ್ನು ಯಾವುದೂ ಬಿಗಿಯಾಗಿ ಹಿಡಿಯುವುದಿಲ್ಲ. ಮೀನಿನ ಉಳಿಕೆ ಆಹಾರವೂ ಆ ಸಂದುಗಳಲ್ಲಿ ಇಳಿದು ಕೊಳೆಯುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿ, ಹಿಟ್ಟಿನಂಥ ನಯವಾದ ಮರಳು ಒತ್ತಾಗಿ ಕೂತು ನೀರಿನ ಓಡಾಟವನ್ನೇ ತಡೆಯುತ್ತದೆ. ಇವೆರಡರ ನಡುವಿನ, 1ರಿಂದ 3 ಮಿಲಿಮೀಟರ್ ಗಾತ್ರದ, ಚೂಪು ಅಂಚಿಲ್ಲದ ಹರಳುಮರಳು ಹೆಚ್ಚಿನ ಗಿಡಗಳಿಗೆ ಹೊಂದುತ್ತದೆ. ಮುಂಭಾಗದಲ್ಲಿ 4–5 ಸೆಂಟಿಮೀಟರ್, ಹಿಂಭಾಗದಲ್ಲಿ 7–8 ಸೆಂಟಿಮೀಟರ್ ದಪ್ಪ ಇದ್ದರೆ ಬೇರಿಗೆ ಜಾಗ ಸಾಕು.

ಮರಳಿನ ಆಳಕ್ಕೆ ಹೋದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಗಳು ಅದನ್ನು ಬಳಸಿ ಮುಗಿಸುತ್ತವೆ. ಮೇಲಿನಿಂದ ಹೊಸದು ಇಳಿಯುವುದು ಬಹಳ ನಿಧಾನ. ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಭತ್ತದ ಗದ್ದೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ನೀರು ನಿಂತ ಗದ್ದೆಯ ಕೆಸರಿನ ಮೇಲ್ಪದರ ಕಂದು ಬಣ್ಣದ್ದು, ಅದರ ಕೆಳಗೆ ಬೂದು ಅಥವಾ ಕಪ್ಪು. ಆಮ್ಲಜನಕವಿಲ್ಲದ ಆ ಕಪ್ಪು ಕೆಸರಿನಲ್ಲಿ ಜೋಳದ ಗಿಡ ನೆಟ್ಟರೆ ಬೇರು ಕೊಳೆಯುತ್ತದೆ, ಭತ್ತದ ಬೇರು ಬದುಕುತ್ತದೆ. ಭತ್ತದ ಒಳಗೂ ಗಾಳಿಯ ಕೊಳವೆಗಳಿವೆ. ಎಲೆಯಿಂದ ಇಳಿದ ಆಮ್ಲಜನಕ ಬೇರಿನಿಂದ ಸ್ವಲ್ಪ ಸೋರಿ, ಸುತ್ತಲೂ ಒಂದು ಸುರಕ್ಷಿತ ವಲಯ ನಿರ್ಮಿಸುತ್ತದೆ. ಗದ್ದೆಯಿಂದ ಕಿತ್ತ ಪೈರಿನ ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪ ಕಾಣುವುದು ಇದರಿಂದಲೇ. ಮಣ್ಣಿನಲ್ಲಿ ಕರಗಿದ್ದ ಕಬ್ಬಿಣ ಆ ಆಮ್ಲಜನಕ ತಗುಲಿ ತುಕ್ಕಾಗಿ ಬೇರಿಗೆ ಮೆತ್ತಿಕೊಳ್ಳುತ್ತದೆ.

ಅಕ್ವೇರಿಯಂ ಗಿಡದ ಬೇರೂ ಹೀಗೇ ಮಾಡುತ್ತದೆ. ಅಂದರೆ ಆಮ್ಲಜನಕ ಕಡಿಮೆಯಿರುವ ತಳ ಪೂರ್ತಿ ಶತ್ರುವಲ್ಲ. ಆಮ್ಲಜನಕ ತುಂಬಿದ ನೀರಿನಲ್ಲಿ ಕಬ್ಬಿಣ ತುಕ್ಕಾಗಿ ಕೆಳಗೆ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಆಮ್ಲಜನಕ ಕಡಿಮೆಯಿರುವ ಕಡೆ ಅದೇ ಕಬ್ಬಿಣ ಮತ್ತೆ ಕರಗುವ ರೂಪಕ್ಕೆ ಬಂದು ಬೇರಿಗೆ ಸಿಗುತ್ತದೆ. ಆದರೆ ಕೊಳೆಯುವ ವಸ್ತು ಮಿತಿಮೀರಿ, ಆಮ್ಲಜನಕ ಸಂಪೂರ್ಣ ಮುಗಿದಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಬೇರಿಗೆ ವಿಷ. ಗಿಡ ಎಳೆದಾಗ ಬೇರು ಕಪ್ಪಾಗಿ, ಮೆತ್ತಗಾಗಿ, ಈ ವಾಸನೆ ಬಂದರೆ ತಳ ಕೆಟ್ಟಿದೆ ಎಂದರ್ಥ. ಆರೋಗ್ಯದ ಬೇರು ಬಿಳಿ ಅಥವಾ ಕೆನೆಬಣ್ಣದ್ದಾಗಿ, ಎಳೆದರೆ ತುಂಡಾಗದಷ್ಟು ಗಟ್ಟಿ ಇರುತ್ತದೆ.

ಕಬ್ಬಿಣದ ಈ ಗುಟ್ಟು ತಿಳಿದ ಯುರೋಪಿನ ಹವ್ಯಾಸಿಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಲ್ಲಿಯ ಕೆಳಗೆ ಲ್ಯಾಟರೈಟ್ ಪುಡಿಯನ್ನು ಹರಡತೊಡಗಿದರು. ಇದು ನಮ್ಮ ಕರಾವಳಿಯ ಮನೆ, ಬಾವಿಕಟ್ಟೆಗಳಲ್ಲೆಲ್ಲ ಕಾಣುವ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಮಣ್ಣು. ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟ. ಅದರಲ್ಲಿ ಕಬ್ಬಿಣ ಹೇರಳ. ಜೊತೆಗಿರುವ ಜೇಡಿಯ ಕಣಗಳು ಪೋಷಕಾಂಶಗಳನ್ನು ಹಿಡಿದಿಟ್ಟುಕೊಂಡು ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತವೆ. ಬಳಸುವುದಾದರೆ ತೆಳುವಾದ ಒಂದು ಪದರ ಹರಡಿ, ಮೇಲೆ ಕನಿಷ್ಠ 4 ಸೆಂಟಿಮೀಟರ್ ಮರಳು ಮುಚ್ಚಬೇಕು. ಇಲ್ಲವಾದರೆ ಗಿಡ ಕದಲಿಸಿದಾಗಲೆಲ್ಲ ನೀರು ಕೆಂಪಾಗುತ್ತದೆ. ಗೊಬ್ಬರ ಹಾಕಿದ ತೋಟದ ಮಣ್ಣನ್ನು ಮಾತ್ರ ತರಬಾರದು. ಅದರ ಅಮೋನಿಯ ಮೀನನ್ನು ಕೊಲ್ಲಬಹುದು.

ಗುಂಪಿಗೊಂದು ವಿಧಾನ

ಇನ್ನು ನೆಡುವ ಕೆಲಸ. ಮೊದಲನೆಯದು ಬುಡದಿಂದಲೇ ಎಲೆಗಳು ಸುತ್ತಲೂ ಹೊರಡುವ ಗಿಡಗಳ ಗುಂಪು. ವ್ಯಾಲಿಸ್ನೇರಿಯ, ಕ್ರಿಪ್ಟೊಕೊರೈನ್, ಅಮೆಜಾನ್ ಸ್ವೋರ್ಡ್ ಇದಕ್ಕೆ ಸೇರುತ್ತವೆ. ಎಲೆಗಳೆಲ್ಲ ಕೂಡುವ ಬುಡದ ಜಾಗದಲ್ಲಿ, ಬಿಳಿ ಬೇರು ಮುಗಿದು ಹಸಿರು ಶುರುವಾಗುವಲ್ಲಿ, ಒಂದು ಕುತ್ತಿಗೆ ಇರುತ್ತದೆ. ಹೊಸ ಎಲೆ ಹುಟ್ಟುವ ಮೊಗ್ಗು ಅಲ್ಲೇ ಇದೆ. ಅದು ಮರಳಿನಡಿ ಹೂತುಹೋದರೆ ಕೊಳೆಯುತ್ತದೆ, ಗಿಡವೇ ಸಾಯುತ್ತದೆ. ಈ ಗುಂಪಿನಲ್ಲಿ ಅತಿ ಹೆಚ್ಚು ಗಿಡ ಸಾಯುವುದು ಹೀಗೇ. ಬೇರು ಬಹಳ ಉದ್ದವಿದ್ದರೆ 4–5 ಸೆಂಟಿಮೀಟರ್ ಉಳಿಸಿ ಕತ್ತರಿಸಬೇಕು. ಬೇಕಾದ್ದಕ್ಕಿಂತ ಸ್ವಲ್ಪ ಆಳಕ್ಕೆ ಇಳಿಸಿ, ಮರಳು ಮುಚ್ಚಿ, ಬಳಿಕ ಕುತ್ತಿಗೆ ಕಾಣುವವರೆಗೆ ಮೆಲ್ಲಗೆ ಮೇಲಕ್ಕೆಳೆಯಬೇಕು. ಹೀಗೆ ಎಳೆಯುವಾಗ ಮಡಿಚಿಕೊಂಡಿದ್ದ ಬೇರುಗಳೂ ಕೆಳಮುಖವಾಗಿ ನೇರವಾಗುತ್ತವೆ.

ಎರಡನೆಯದು ಉದ್ದ ಕಾಂಡದ ಗಿಡಗಳು: ಹೈಡ್ರಿಲ್ಲಾ, ಕಬೊಂಬ, ಲುಡ್ವೀಜಿಯ, ರೊಟಾಲ, ನಮ್ಮ ಜೌಗು ನೆಲಗಳಲ್ಲಿ ಬೆಳೆಯುವ ನೀರುಬ್ರಾಹ್ಮಿ. ಅಂಗಡಿಯಲ್ಲಿ ಇವು ಬೇರಿಲ್ಲದ ಕುಡಿಗಳ ಕಟ್ಟಾಗಿ, ಬುಡಕ್ಕೆ ಲೋಹದ ಪಟ್ಟಿ ಅಥವಾ ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಬರುತ್ತವೆ. ಕಟ್ಟನ್ನು ಹಾಗೆಯೇ ನೆಟ್ಟರೆ ಪಟ್ಟಿಯ ಒತ್ತಡಕ್ಕೆ ಕಾಂಡ ನಜ್ಜಾಗಿ ಕೊಳೆಯುತ್ತದೆ. ಒಳಗಿನ ಕುಡಿಗಳಿಗೆ ಬೆಳಕೂ ಸಿಗದು. ಕಟ್ಟು ಬಿಚ್ಚಿ, ಕೊಳೆತ ಬುಡ ತೆಗೆದು, ಒಂದೊಂದು ಕುಡಿಯನ್ನೂ ಗಿಣ್ಣಿನ, ಅಂದರೆ ಎಲೆ ಹುಟ್ಟುವ ಗಂಟಿನ ತುಸು ಕೆಳಗೆ ಚೂಪು ಕತ್ತರಿಯಿಂದ ಕತ್ತರಿಸಬೇಕು. ಬೇರು ಹೊರಡುವುದು ಗಿಣ್ಣಿನಿಂದ. ಕುಡಿಯ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಬೆಳವಣಿಗೆಯ ಚೋದಕ ಕಾಂಡದಲ್ಲಿ ಕೆಳಗಿಳಿದು ಕತ್ತರಿಸಿದ ಕಡೆ ಶೇಖರವಾಗುತ್ತದೆ. ಅದರ ಪ್ರೇರಣೆಯಿಂದ ಹೊಸ ಬೇರು ಮೂಡುತ್ತದೆ. ಕೆಳಗಿನ ಎರಡು ಮೂರು ಗಿಣ್ಣುಗಳ ಎಲೆ ತೆಗೆದು ಅಷ್ಟು ಭಾಗವನ್ನು ಮರಳಿನೊಳಗೆ ಇಳಿಸಬೇಕು. ಎಲೆಯ ತೊಟ್ಟಿನ ಮೋಟು ತುಸು ಉಳಿದಿದ್ದರೆ ಒಳ್ಳೆಯದೇ, ಅದು ಮರಳಿಗೆ ಸಿಕ್ಕಿಕೊಂಡು ಕುಡಿಯನ್ನು ಹಿಡಿಯುತ್ತದೆ. ಒಂದರಿಂದ ಇನ್ನೊಂದಕ್ಕೆ 2–3 ಸೆಂಟಿಮೀಟರ್ ಅಂತರ ಬಿಟ್ಟರೆ ಕೆಳಗಿನ ಎಲೆಗೂ ಬೆಳಕು ಮುಟ್ಟುತ್ತದೆ.

ಮೂರನೆಯದು ಅನೂಬಿಯಸ್, ಜಾವಾ ಫರ್ನ್, ಬೂಸೆಫಲಾಂಡ್ರಗಳಂಥವು. ಇವುಗಳಲ್ಲಿ ಅಡ್ಡಕ್ಕೆ ಹರಿಯುವ ದಪ್ಪ ಕಾಂಡವಿರುತ್ತದೆ. ಶುಂಠಿ, ಅರಿಶಿನದ ಕೊಂಬೂ ಇದೇ ಜಾತಿಯ ಅಂಗ. ಶುಂಠಿಯ ಕೊಂಬು ಮಣ್ಣಿನಡಿ ಬೆಳೆಯುವಂಥದು. ಇವು ಹರಿಯುವ ನೀರಿನಲ್ಲಿ, ಬಂಡೆಯ ಮೇಲೆ ತೆರೆದುಕೊಂಡು ಬೆಳೆಯುವಂಥವು. ಆಮ್ಲಜನಕ ಕಡಿಮೆಯಿರುವ ತಳದಲ್ಲಿ ಹೂತರೆ ಕೊಂಬು ಕೊಳೆಯುತ್ತದೆ. ಆದ್ದರಿಂದ ಇವನ್ನು ನೆಡುವುದಿಲ್ಲ, ಕಲ್ಲಿಗೋ ಕೊರಡಿಗೋ ಕಟ್ಟುತ್ತಾರೆ ಅಥವಾ ಅಂಟಿಸುತ್ತಾರೆ. ಕಟ್ಟಲು ಹತ್ತಿಯ ದಾರ ಸಾಕು. ಅದು ಕೆಲವು ವಾರಗಳಲ್ಲಿ ಕೊಳೆತು ಬೀಳುವಷ್ಟರಲ್ಲಿ ಬೇರು ಕೊರಡನ್ನು ಅಪ್ಪಿಕೊಂಡಿರುತ್ತದೆ. ಜಾವಾ ಮಾಸ್ ಅಷ್ಟು ಬೇಗ ಅಂಟಿಕೊಳ್ಳುವುದಿಲ್ಲ. ಅದಕ್ಕೆ ಗಾಳದ ನೈಲಾನ್ ದಾರವೇ ಲೇಸು. ಮಾಸನ್ನು ತೆಳುವಾಗಿ ಹರಡಿ ಸುತ್ತಬೇಕು, ದಪ್ಪವಾಗಿ ಸುತ್ತಿದರೆ ಒಳಪದರ ಬೆಳಕಿಲ್ಲದೆ ಸಾಯುತ್ತದೆ.

ಅಂಟಿಸಲು ಇತ್ತೀಚೆಗೆ ಬಹಳ ಜನ ಬಳಸುವುದು ಸೈನೊಅಕ್ರಿಲೇಟ್, ಅಂದರೆ ಸೂಪರ್ ಗ್ಲೂ. ಬಹುತೇಕ ಅಂಟುಗಳು ಒಣಗಿ ಗಟ್ಟಿಯಾಗುತ್ತವೆ. ಇದು ತೇವ ತಗುಲಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಒದ್ದೆ ಗಿಡ, ಒದ್ದೆ ಕಲ್ಲಿಗೆ ಅನುಕೂಲ. ಪೂರ್ತಿ ಗಟ್ಟಿಯಾದ ಮೇಲೆ ಅದೊಂದು ಪ್ಲಾಸ್ಟಿಕ್ ಮಾತ್ರ, ಮೀನಿಗೆ ಅಪಾಯವಿಲ್ಲ. ನೀರಿನಂತೆ ಹರಿಯುವ ಬಗೆಗಿಂತ ಜೆಲ್ ಬಗೆ ಅನುಕೂಲಕರ. ಒಂದೆರಡು ಹನಿಯನ್ನು ಬೇರಿನ ಬುಡಕ್ಕೆ ಮಾತ್ರ ಹಾಕಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೊಂಬಿನ ಉದ್ದಕ್ಕೂ ಬಳಿದರೆ ಹೊಸ ಬೇರು ಹೊರಡಲು ಜಾಗವೇ ಇರುವುದಿಲ್ಲ.

ನಾಲ್ಕನೆಯದು ಗಡ್ಡೆಯ ಗಿಡಗಳು: ಅಪೊನೊಜೆಟಾನ್, ತಾವರೆ-ನೈದಿಲೆ ಜಾತಿಯವು. ಗಡ್ಡೆಯನ್ನು ಪೂರ್ತಿ ಹೂಳದೆ, ಮೊಳಕೆಯ ತುದಿ ಹೊರಗುಳಿಯುವಂತೆ ಮರಳಿನಲ್ಲಿ ಅರ್ಧ ಕೂರಿಸಿದರೆ ಸಾಕು.

ಚಿಮುಟದ ತುದಿಯಲ್ಲಿ

ಬೆರಳಿನಿಂದ ನೆಟ್ಟ ಗಿಡ ತೇಲಿಬರಲು ಒಂದು ಸರಳ ಕಾರಣವಿದೆ. ಬೆರಳು ದಪ್ಪ, ಅದು ಮಾಡಿದ ಗುಂಡಿಯೂ ದೊಡ್ಡದು. ಬೆರಳು ಹೊರಗೆ ಬಂದಾಗ ಆ ಗುಂಡಿಯ ಸೆಳೆತಕ್ಕೆ ಗಿಡವೂ ಹೊರಗೆ ಬರುತ್ತದೆ. ಅದಕ್ಕೇ 25–30 ಸೆಂಟಿಮೀಟರ್ ಉದ್ದದ ಚಿಮುಟ ಬಳಸುತ್ತಾರೆ. ಕುಡಿಯ ಬುಡವನ್ನು ಚಿಮುಟದ ತುದಿಗೆ ಸರಿಯಾಗಿ ಹಿಡಿದು, ಮರಳಿನೊಳಗೆ ನೇರವಾಗಿ ಚುಚ್ಚದೆ ಓರೆಯಾಗಿ ಇಳಿಸಬೇಕು. ತಳ ಮುಟ್ಟಿದ ಮೇಲೆ ಚಿಮುಟವನ್ನು ತುಸು ಸಡಿಲಿಸಿ, ಅಲ್ಲೇ ಎಡಬಲಕ್ಕೆ ಸಣ್ಣಗೆ ಅಲುಗಾಡಿಸಿದರೆ ಹರಳುಗಳು ಜಾರಿ ಕಾಂಡದ ಸುತ್ತ ತುಂಬಿಕೊಳ್ಳುತ್ತವೆ. ಆಮೇಲೆ ಚಿಮುಟವನ್ನು ಬೇರೆ ಕೋನದಲ್ಲಿ ಹೊರಗೆಳೆಯಬೇಕು. ಓರೆಯಾಗಿ ನೆಟ್ಟ ಕುಡಿಯ ಮೇಲೆ ಮರಳಿನ ಭಾರ ಬೀಳುವುದರಿಂದ ಹಿಡಿತ ಹೆಚ್ಚು. ಬಾಗಿದ ಕುಡಿ ಒಂದೆರಡು ದಿನದಲ್ಲಿ ಬೆಳಕಿನ ಕಡೆ ತಾನೇ ನೆಟ್ಟಗಾಗುತ್ತದೆ.

ತೊಟ್ಟಿ ತುಂಬಿದ ಮೇಲೆ ನೆಡುವುದಕ್ಕಿಂತ ಮರಳು ಚೆನ್ನಾಗಿ ನೆನೆದು, ಮೇಲೆ ಒಂದೆರಡು ಬೆರಳಷ್ಟೇ ನೀರು ಇರುವಾಗ ನೆಡುವುದು ಸುಲಭ. ಆಗ ತೇಲುವ ಬಲವೇ ಕಡಿಮೆ. ಎಲೆ ಒಣಗದಂತೆ ನಡುನಡುವೆ ನೀರು ಸಿಂಪಡಿಸುತ್ತಿರಬೇಕು. ನೆಟ್ಟು ಮುಗಿದ ಮೇಲೆ ತಟ್ಟೆಯೊಂದನ್ನು ಮರಳಿನ ಮೇಲಿಟ್ಟು, ಅದರ ಮೇಲೆ ಮೆಲ್ಲಗೆ ನೀರು ಸುರಿದರೆ ಗುಂಡಿ ಬೀಳುವುದಿಲ್ಲ, ಗಿಡ ಕದಲುವುದಿಲ್ಲ.

ತಳ ಅಗೆಯುವ ಮೀನುಗಳಿದ್ದರೆ ಹೆಚ್ಚಿನ ರಕ್ಷಣೆ ಬೇಕು. ಗೋಲ್ಡ್‌ಫಿಶ್ ಮರಳನ್ನು ಬಾಯಲ್ಲಿ ತುಂಬಿ ಉಗುಳುತ್ತಾ ಆಹಾರ ಹುಡುಕುತ್ತದೆ. ಸಿಕ್ಲಿಡ್ ಜಾತಿಯ ಎಷ್ಟೋ ಮೀನುಗಳು ಗೂಡಿಗಾಗಿ ಗುಂಡಿ ತೋಡುತ್ತವೆ. ಬುಡದ ಸುತ್ತ ನಾಲ್ಕಾರು ನುಣುಪು ಕಲ್ಲು ಜೋಡಿಸಬಹುದು ಅಥವಾ ಪುಟ್ಟ ಮಣ್ಣಿನ ಕುಡಿಕೆಯಲ್ಲಿ ನೆಟ್ಟು ಕುಡಿಕೆಯನ್ನೇ ಮರಳಿನಲ್ಲಿ ಕೂರಿಸಬಹುದು. ಇಂಥ ತೊಟ್ಟಿಗೆ ಕೊರಡಿಗೆ ಕಟ್ಟಿದ ಅನೂಬಿಯಸ್ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಅದರ ಎಲೆಯೂ ಗಡುಸು, ಬುಡ ಅಗೆಯಲು ಮರಳೂ ಇಲ್ಲ.

ನೆಟ್ಟ ನಂತರದ ವಾರಗಳು

ಗಿಡ ಸರಿಯಾಗಿ ನಿಂತಿದೆ, ಆದರೂ ಎಲೆ ಕರಗುತ್ತಿದೆ. ಇಲ್ಲಿ ಎಷ್ಟೋ ಜನ ಧೈರ್ಯ ಕಳೆದುಕೊಳ್ಳುತ್ತಾರೆ. ಮಾರಾಟಕ್ಕೆ ಬರುವ ಅನೇಕ ಗಿಡಗಳನ್ನು ನರ್ಸರಿಗಳಲ್ಲಿ ನೀರೊಳಗೆ ಬೆಳೆಸುವುದಿಲ್ಲ. ಬೇರಿಗೆ ಮಾತ್ರ ನೀರುಣಿಸಿ, ಎಲೆಗಳನ್ನು ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಹೊಳೆಯಂಚಿನ ಗಿಡಗಳಿಗೆ ಎರಡೂ ರೀತಿ ಬದುಕುವ ಶಕ್ತಿಯಿದೆ. ಆದರೆ ಗಾಳಿಗೆಂದು ತಯಾರಾದ ಎಲೆ ನೀರಿಗೆ ಒಗ್ಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಅದನ್ನು ಹಿಡಿಯಲು ತೆಳ್ಳನೆಯ, ಬೇರೆ ವಿನ್ಯಾಸದ ಎಲೆ ಬೇಕು. ಹಾಗಾಗಿ ಗಿಡ ಹಳೆಯ ಎಲೆಗಳನ್ನು ಬಿಟ್ಟುಕೊಟ್ಟು ಹೊಸ ಎಲೆ ಕಟ್ಟುತ್ತದೆ. ಕ್ರಿಪ್ಟೊಕೊರೈನ್ ಅಂತೂ ನೀರು, ಬೆಳಕು, ಜಾಗ ಯಾವುದು ಬದಲಾದರೂ ಎಲೆಗಳೆಲ್ಲ ಕರಗಿ ಬರೀ ಬೇರಾಗಿ ಉಳಿಯಬಲ್ಲದು. ಬೇರು ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಸತ್ತಿತೆಂದು ಕಿತ್ತೆಸೆಯುವವರೇ ಹೆಚ್ಚು.

ಕುಂಡದಲ್ಲಿ ಬಂದ ಗಿಡದ ಬೇರಿನ ಸುತ್ತ ಹತ್ತಿಯಂಥ ನಾರು ಇರುತ್ತದೆ. ಅದು ಕಲ್ಲನ್ನು ಕರಗಿಸಿ ಮಾಡಿದ ರಾಕ್‌ವುಲ್. ನೆಡುವ ಮೊದಲು ಅದನ್ನು ನೀರಿನಲ್ಲಿ ನೆನೆಸಿ, ಸಾಧ್ಯವಾದಷ್ಟೂ ಬಿಡಿಸಿ ತೆಗೆಯಬೇಕು. ಕರಗುವ ಎಲೆಗಳನ್ನು ಆಗಾಗ ಕತ್ತರಿಸಿ ತೆಗೆಯುವುದು ಒಳ್ಳೆಯದು. ಇಲ್ಲವಾದರೆ ವಾರಿಂಗ್ಟನ್ನನ ಪಾತ್ರೆಯಲ್ಲಿ ಆದಂತೆ ಅವು ನೀರನ್ನು ಕೆಡಿಸುತ್ತವೆ. ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ಗಿಡ ಇನ್ನೂ ಬೆಳೆಯದಿರುವಾಗ ಹೆಚ್ಚು ಬೆಳಕು ಕೊಟ್ಟರೆ ಲಾಭ ಪಡೆಯುವುದು ಪಾಚಿ.

ನೀರಿನ ಗುಣವೂ ಆಯ್ಕೆಗೆ ನೆರವಾಗುತ್ತದೆ. ನಮ್ಮಲ್ಲಿ ಅನೇಕ ಊರುಗಳ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚು. ವ್ಯಾಲಿಸ್ನೇರಿಯ, ಹೈಡ್ರಿಲ್ಲಾಗಳು ಇಂಗಾಲಕ್ಕಾಗಿ ಆ ಬೈಕಾರ್ಬೊನೇಟನ್ನೂ ಬಳಸಬಲ್ಲವು. ಬೋರ್‌ವೆಲ್ ನೀರಿನ ಮನೆಗಳಿಗೆ ಅವು ಒಳ್ಳೆಯ ಆರಂಭ. ವ್ಯಾಲಿಸ್ನೇರಿಯ ಒಮ್ಮೆ ಬೇರು ಹಿಡಿದರೆ ಮರಳಿನ ಮೇಲೆ ಹಂಬು ಚಾಚಿ, ಅಲ್ಲಲ್ಲಿ ಮರಿಗಿಡ ಇಡುತ್ತಾ ಹೋಗುತ್ತದೆ. ಆ ಮರಿಗಳನ್ನು ಯಾರೂ ನೆಡಬೇಕಾಗಿಲ್ಲ.

ಈ ವಾರಗಳಲ್ಲಿ ಮಾಡಬಾರದ ಒಂದು ಕೆಲಸವೆಂದರೆ ಬೇರು ಬಂತೇ ಎಂದು ಎಳೆದು ನೋಡುವುದು. ಹೊಸ ಬೇರಿನ ತುದಿಯ ಹಿಂದೆ ಕಣ್ಣಿಗೆ ಕಾಣದಷ್ಟು ನವುರಾದ ರೋಮಗಳು ಮೂಡಿ ಹರಳುಗಳಿಗೆ ಅಂಟಿಕೊಂಡಿರಬಹುದು. ಎಳೆದರೆ ಅವು ಹರಿಯುತ್ತವೆ, ಗಿಡ ಮತ್ತೆ ಮೊದಲಿನಿಂದ ಶುರುಮಾಡಬೇಕು. ತುದಿಯಲ್ಲಿ ಹೊಸ ಎಲೆ ಕಂಡಿತೆಂದರೆ ಕೆಳಗೆ ಬೇರೂ ಹೊರಟಿದೆ ಎಂದು ನಂಬಬಹುದು.

ಬೇರು ಹಿಡಿಯುವ ಶಕ್ತಿ ಮತ್ತು ನಮ್ಮ ಹೊಣೆ

ಇಷ್ಟು ಹೇಳಿದ ಮೇಲೆ ಈ ಲೇಖಕನ ಅಭಿಪ್ರಾಯಕ್ಕೆ ಬರಬಹುದು. ಮೊದಲನೆಯದು ಅಂಗಡಿಗಳ ಬಗ್ಗೆ. ಗಿಡಗಳನ್ನು ಕೆಂಪು, ಹಸಿರು, ಎತ್ತರ, ಗಿಡ್ಡ ಎಂದು ನೋಟದಿಂದ ಮಾರಲಾಗುತ್ತದೆ. ಕೊಳ್ಳುವವರೂ ಮೊದಲ ದಿನವೇ ತೊಟ್ಟಿ ತುಂಬಿ ಕಾಣಲಿ ಎಂದು ಕೇಳುತ್ತಾರೆ. ಗಿಡದ ಹೆಸರು, ಅದು ಮರಳಿನದೋ ಕೊರಡಿನದೋ, ನೀರೊಳಗೆ ಬೆಳೆದದ್ದೋ ಗಾಳಿಯಲ್ಲಿ ಬೆಳೆದದ್ದೋ ಎಂಬ ಮೂರು ಮಾತು ಬರೆದ ಒಂದು ಚೀಟಿ ಇದ್ದರೆ ಕೊಳ್ಳುವವರ ಎಷ್ಟೋ ಹಣ ಉಳಿಯುತ್ತದೆ, ಎಷ್ಟೋ ಗಿಡ ಬದುಕುತ್ತವೆ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಬರೆಯತೊಡಗುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ಒಂದು ಗಿಣ್ಣಿನಿಂದ ಪೂರ್ತಿ ಗಿಡವಾಗುವ ಶಕ್ತಿಯೇ ನಮಗೆ ನಾಟಿಯನ್ನು ಸುಲಭ ಮಾಡಿದೆ. ತೊಟ್ಟಿಯ ಹೊರಗೆ ಅದೇ ಶಕ್ತಿ ಅಪಾಯಕಾರಿ. ನಮ್ಮ ಕೆರೆಗಳ ಸಾಮಾನ್ಯ ಗಿಡವಾದ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ಸೇರಿತು. ಅಲ್ಲಿನ ನದಿ ಸರೋವರಗಳಲ್ಲಿ ಹಬ್ಬಿ, ಇಂದಿಗೂ ನಿಯಂತ್ರಣಕ್ಕೆ ಅಪಾರ ಹಣ ಬೇಡುವ ಕಳೆಯಾಗಿದೆ. ಇಲ್ಲಿ ಅದರ ವಿರುದ್ಧ ದಿಕ್ಕಿನ ಕಥೆ. 2020ರಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಆವಳಪಾಂಡಿಯ ಕಾಲುವೆ ಗುಲಾಬಿ ಹೂಗಳಿಂದ ತುಂಬಿದಾಗ ನೋಡಲು ಜನ ಮುಗಿಬಿದ್ದರು. ಆ ಹೂ ದಕ್ಷಿಣ ಅಮೆರಿಕ ಮೂಲದ ಕಬೊಂಬ ಫರ್ಕೇಟದ್ದು. ಅಕ್ವೇರಿಯಂ ಅಂಗಡಿಗಳಲ್ಲಿ ಕೆಂಪು ಕಬೊಂಬ ಎಂದು ಸಿಗುವ ಗಿಡವೇ ಅದು. ನೀರಿನ ಓಟ ತಡೆದು, ಸ್ಥಳೀಯ ಗಿಡಗಳ ಜಾಗ ಕಬಳಿಸುತ್ತದೆ ಎಂದು ಸಸ್ಯತಜ್ಞರು ಆಗಲೇ ಎಚ್ಚರಿಸಿದ್ದರು. ದಕ್ಷಿಣ ಅಮೆರಿಕದಿಂದಲೇ ಬಂದ ಜಲಕುಂಭಿ ನಮ್ಮ ಕೆರೆಗಳಿಗೆ ಮಾಡಿರುವ ಹಾನಿಯನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಕತ್ತರಿಸಿದ ಕುಡಿಗಳನ್ನು ಕೆರೆಗಾಗಲಿ, ಚರಂಡಿಗಾಗಲಿ ಬಿಡದೆ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕುವುದು ಪ್ರತಿ ಹವ್ಯಾಸಿಯ ಕರ್ತವ್ಯ.

ಹಾಗೆಯೇ ಪಶ್ಚಿಮ ಘಟ್ಟದ ತೊರೆಗಳಿಂದ ಗಿಡ ಕಿತ್ತು ತರುವುದೂ ಸಲ್ಲದು. ಕ್ರಿಪ್ಟೊಕೊರೈನ್‌ನ ಹತ್ತಿರದ ಬಂಧು ಲಾಜೆನಾಂಡ್ರ ಕುಲದ ಗಿಡಗಳು ಹೆಚ್ಚಾಗಿ ಇರುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ. ಅಪೊನೊಜೆಟಾನ್‌ನ ಕೆಲವು ಜಾತಿಗಳು ಘಟ್ಟದ ಕೆಲವೇ ಕಡೆ ಸಿಗುತ್ತವೆ. ನರ್ಸರಿಯಲ್ಲಿ ಬೆಳೆದ ಲಾಜೆನಾಂಡ್ರ ಮೀಬೋಲ್ಡಿ ಮಾರುಕಟ್ಟೆಯಲ್ಲಿ ಸಿಗುವಾಗ ಹಳ್ಳದ ದಂಡೆ ಬರಿದುಮಾಡುವ ಅಗತ್ಯವೇನಿದೆ?

ಗಿಡದ ಅಂಗರಚನೆಯನ್ನು ಅರಿತು, ಅದಕ್ಕೆ ತಕ್ಕ ತಳ ಕೊಟ್ಟು, ಬೇರು ಬರುವವರೆಗೆ ಹಿಡಿದು, ಆಮೇಲೆ ಕೈ ತೆಗೆಯುವುದು ಒಳ್ಳೆಯ ನಾಟಿ. ಹಾಗೆ ಬೇರು ಹಿಡಿದದ್ದು ನಮ್ಮ ತೊಟ್ಟಿಯ ಗಾಜಿನೊಳಗೇ ಉಳಿಯುವಂತೆ ನೋಡಿಕೊಳ್ಳುವುದೂ ಆ ನಾಟಿಯ ಭಾಗವೇ ಎಂದು ನಾನು ನಂಬುತ್ತೇನೆ.